ನೆಲಕ್ಕಾಗಿ ಜಗಳಾಡಿದ ಅಕ್ಕಾರು

ಶೋಕಸಭೆಯಲ್ಲಿ ಮೈಕು ಹಿಡಿದವರೆಲ್ಲ ಒಂದೇ ಸುಳ್ಳು ಹೇಳಿದರು. ಶಾಂತ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಸದಾ ಹಸನ್ಮುಖಿ. ಇವರು ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ನಾನು ಪಕ್ಕದವರ ಮುಖ ನೋಡಿದೆ. ಮೇಜಿನ ಮೇಲೆ ಹಾರ ಹಾಕಿಟ್ಟ ಫೋಟೋದಲ್ಲಿ ಅಕ್ಕಾರು ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ಫೋಟೋ ತೆಗೆದವನ ಜೊತೆಗೂ ಜಗಳಾಡಿಯೇ ಕೂತಿರಬೇಕು. ಎದ್ದು ನಿಂತು ಎರಡು ಮಾತು ಹೇಳಬೇಕೆಂದು ಕಾದೆ. ನನ್ನನ್ನು ಕರೆಯಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕಾರು ಶಾಂತವಾಗಿರಲಿಲ್ಲ. ಒಂದು ದಿನವೂ ಇರಲಿಲ್ಲ. ಅವರ ಸಿಟ್ಟನ್ನು ಒರೆಸಿ ಹಾಕಿದರೆ ಉಳಿಯುವ ಹೆಂಗಸು ಯಾರೋ ಬೇರೆಯವರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕಾರು ಅಂತಾರೆ. ನಮ್ಮ ಅಕ್ಕಾರು ಕಲಿಸುತ್ತಿದ್ದದ್ದು ಆಟ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ನಾನು ತಿಕೋಟಾದಿಂದ ದಿನಾ ಬಸ್ಸಿಗೆ ಹೋಗಿ ಅಲ್ಲಿ ಕಲಿಯುತ್ತಿದ್ದೆ. ಅವರ ಊರು ಬಬಲೇಶ್ವರ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇರುತ್ತಿದ್ದರು. ಕುಳ್ಳಗೆ, ಕಪ್ಪಗೆ, ಗಟ್ಟಿಮುಟ್ಟು. ಬಿಳಿ ಸೀರೆಯ ಸೆರಗನ್ನು ನಡಕ್ಕೆ ಬಿಗಿದು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಪೇಟೆಯಲ್ಲಿ ನಡೆದರೆ ಅಂಗಡಿಯವರು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರು. ಅವರು ನಿಂತು, ತಿರುಗಿ, ಆ ಅಂಗಡಿಯವನು ತಲೆ ತಗ್ಗಿಸುವವರೆಗೂ ಅವನನ್ನೇ ನೋಡುತ್ತಿದ್ದರು. ಆಮೇಲೆ ಮುಂದೆ ನಡೆಯುತ್ತಿದ್ದರು.

ಒಮ್ಮೆ ಬಬಲೇಶ್ವರದಲ್ಲಿ ಪಂದ್ಯ ಆಡಿ ವಾಪಸು ಬರುತ್ತಿದ್ದೆವು. ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದೆವು. ದಾರಿಯಲ್ಲಿ ಮದುವೆ ಮುಗಿಸಿದ ಗಂಡಸರ ಒಂದು ಗುಂಪು ಹತ್ತಿತು. ಕಂಡಕ್ಟರ್ ಬಂದು, "ಏಳ್ರಿ ಹುಡುಗ್ಯಾರ, ಹಿರ್ಯಾರು ಕುಂದರ್ಲಿ" ಅಂದ. ನಾವು ಎದ್ದೇಬಿಟ್ಟೆವು. ಅಕ್ಕಾರು ನಮ್ಮನ್ನು ಗದರಿಸಿ ಮತ್ತೆ ಕೂಡಿಸಿದರು.

"ಇವರು ಆಡಿ ಬಂದಾರ. ಅವರು ಉಂಡ ಬಂದಾರ. ಯಾರಿಗೆ ದಣಿವಾಗೇದ, ನೀನ ಹೇಳು" ಅಂದರು ಕಂಡಕ್ಟರನಿಗೆ.

ಗಂಡಸರು ವಿಜಾಪುರದವರೆಗೂ ನಿಂತೇ ಬಂದರು. ಇಳಿದ ಮೇಲೆ ಅಕ್ಕಾರು ನಮ್ಮ ಮೇಲೆ ತಿರುಗಿದರು. "ಅವ ಏಳ ಅಂದಕೂಡ್ಲೆ ಎದ್ರೆಲ್ಲ, ನಾಚಿಕಿ ಬರಂಗಿಲ್ಲೇನು? ಸಿಟ್ಟ ಬರ್ಲಿಲ್ಲ ಅಂದ್ರ ನಿಮಗ ಏನಾತು ಅಂತ ತಿಳದಿಲ್ಲ ಅಂತ ಅರ್ಥ." ಈ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಾವು ಆಗ ನಗುತ್ತಿದ್ದೆವು.

ನಾವು ಆಡುತ್ತಿದ್ದದ್ದು ಶಟಲ್ ಬ್ಯಾಡ್ಮಿಂಟನ್. ನಮ್ಮೂರ ಗಾಳಿಯಲ್ಲಿ ಅದನ್ನು ಬಯಲಲ್ಲಿ ಆಡುವುದು ಆಗದ ಮಾತು. ಹೊಡೆದದ್ದು ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಶಾಲೆಗೆ ಒಂದು ದೊಡ್ಡ ಹಾಲ್ ಇತ್ತು. ಅದರ ನೆಲ ಫರಸಿ ಕಲ್ಲಿನದು. ಅದರ ಮೇಲೆ ಜಿಗಿದು ಜಿಗಿದು ನಮ್ಮ ಹಿಮ್ಮಡಿ ನೋಯುತ್ತಿದ್ದವು, ಒಬ್ಬಳಿಗೆ ಕಾಲಿನ ಎಲುಬಿನಲ್ಲಿ ಬಿರುಕು ಬಿಟ್ಟಿತ್ತು. ಅಕ್ಕಾರು ಪುಣೆ ಕಡೆ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಬಂದವರು. ಅಲ್ಲಿಯ ಹಾಲಿಗೆ ಹಲಗೆಯ ನೆಲವಂತೆ. ಅದನ್ನು ನೋಡಿಕೊಳ್ಳುವುದೂ ತರಬೇತಿಯ ಪಾಠವೇ ಆಗಿತ್ತಂತೆ. ಶಾಲೆಗೆ ಬಂದ ವರ್ಷದಿಂದಲೇ, ಹುಡುಗಿಯರಿಗೆ ಹಲಗೆ ನೆಲ ಬೇಕು ಎಂದು ಅವರು ಚೇರಮನ್ನರ ಬೆನ್ನು ಬಿದ್ದಿದ್ದರು.

ಚೇರಮನ್ನರು ನಮ್ಮ ಸಂಸ್ಥೆಯ ಯಜಮಾನರು. ಗುಡಿಯ ಹತ್ತಿರ ಬಟ್ಟೆ ಮಾರುವ ದೊಡ್ಡ ಅರಿವಿ ಅಂಗಡಿ ಅವರದು. ಒಳ್ಳೆಯ ಮಾತುಗಾರರು, ಜರಿ ಅಂಚಿನ ಧೋತರ, ನಗುಮುಖ. ಅಕ್ಕಾರು ಕೇಳಿದಾಗಲೆಲ್ಲ "ನೋಡೂಣಂತ" ಅಂದು ಕಳಿಸುತ್ತಿದ್ದರು. ಒಂದು ವರ್ಷ ಶಾಲೆಯ ಸಮಾರಂಭಕ್ಕೆ ಮಂತ್ರಿಗಳು ಬರುವುದು ಗೊತ್ತಾಯಿತು. ಮಂತ್ರಿಗಳಿಗೆ ತೋರಿಸಲು ಏನಾದರೂ ಹೊಸದು ಬೇಕಿತ್ತು. ಚೇರಮನ್ನರ ಅಳಿಯನದು ಪ್ಲೈವುಡ್ಡಿನ ವ್ಯಾಪಾರ. ಹೀಗಾಗಿ ನಮಗೆ ಹಲಗೆ ನೆಲ ಬಂತು.

ಬಂದದ್ದು ಮಳೆಗಾಲದಲ್ಲಿ. ಲಾರಿಯಿಂದ ಇಳಿಸಿದ ಪ್ಲೈವುಡ್ ಹಲಗೆಗಳು ಶಾಲೆಯ ಅಂಗಳದಲ್ಲಿ ತೋಯ್ದುಕೊಂಡು ಬಿದ್ದಿದ್ದವು. ಮಳೆ ನಿಂತ ಮರುದಿನವೇ ಅಳಿಯನ ಆಳುಗಳು ಅವನ್ನು ಒಳಗೆ ತಂದು ಫರಸಿಯ ಮೇಲೆ ನೇರವಾಗಿ ಬಡಿಯತೊಡಗಿದರು. ಆ ಹಾಲ್ ಕಟ್ಟಿದ್ದು ಎರೆ ಭೂಮಿಯ ಮೇಲೆ. ಮಳೆಗಾಲದಲ್ಲಿ ಕಲ್ಲಿನ ಸಂದಿಗಳಲ್ಲಿ ಬೆವರಿನಂತೆ ನೀರು ಒಸರುವುದನ್ನು ನಾವೆಲ್ಲ ನೋಡಿದ್ದೆವು. ಅಕ್ಕಾರು ಓಡಿಬಂದು ಕೆಲಸ ನಿಲ್ಲಿಸಿದರು. ಚೇರಮನ್ನರಿಗೆ ಹೇಳಿಕಳಿಸಿದರು. ಅವರು ಬಂದಾಗ ನಾವು ನಾಲ್ಕಾರು ಹುಡುಗಿಯರು ಬಾಗಿಲಲ್ಲೇ ಇದ್ದೆವು.

"ಇವು ಮಳ್ಯಾಗ ತೋಯ್ದಾವ್ರಿ. ಮೊದಲ ಒಣಗಬೇಕು. ಆಮ್ಯಾಲೆ ಈ ಹಾಲಿನಾಗ ಒಂದಷ್ಟ ದಿನ ಸುಮ್ಮನ ಇಡಬೇಕು, ಇಲ್ಲಿ ಹವಾಕ್ಕ ಹೊಂದ್ಕೋಬೇಕು ಅವು" ಅಂದರು ಅಕ್ಕಾರು.

ಚೇರಮನ್ನರು ನಕ್ಕರು. "ಅಕ್ಕಾರ, ಹಲಗಿ ಅಂದ್ರ ಹೊಸಾ ಸೊಸಿ ಏನ್ರಿ, ಮನಿಗೆ ಹೊಂದ್ಕೊಳ್ಳಾಕ?"

ಆಳುಗಳೂ ನಕ್ಕರು. ಅಳಿಯನೂ ನಕ್ಕ.

"ಸೊಸಿ ಆಗಿದ್ರ ಸುಮ್ಮನ ಸಹಿಸ್ಕೋತಿದ್ಲು. ಇವು ಸಹಿಸ್ಕೊಳ್ಳಂಗಿಲ್ರಿ, ಉಬ್ಬತಾವ" ಅಂದರು ಅಕ್ಕಾರು. ನಗು ಅಲ್ಲಿಗೇ ನಿಂತಿತು. ಅವರು ಬಿಡಲಿಲ್ಲ. "ಕೆಳಗ ಅಡ್ಡಪಟ್ಟಿ ಹೊಡೀರಿ, ಕಲ್ಲಿಗೆ ಹಲಗಿ ತಾಗಬಾರ್ದು. ಕಲ್ಲಿನ ಮ್ಯಾಲ ಡಾಂಬರ ಹಾಳಿ ಹಾಸ್ರಿ. ಗ್ವಾಡಿಗೆ ಒತ್ತಿ ಕೂಡಸ್ಬ್ಯಾಡ್ರಿ, ಸುತ್ತಲೂ ಜಾಗಾ ಬಿಡ್ರಿ. ಹಲಗಿ ಅಂಚಿಗೆ ಎಣ್ಣಿನೋ ವಾರ್ನಿಶ್ಶೋ ಹಚ್ಚಿ ಬಾಯಿ ಮುಚ್ಚಬೇಕು. ನೀರ ಒಳಗ ಹೋಗೂದ ಅಂಚಿನಿಂದ."

"ಇಷ್ಟೆಲ್ಲಾ ಮಾಡ್ಕೋತ ಕುಂತ್ರ ಮಂತ್ರಿಗಳು ಬಂದು ಹೋಗಿರ್ತಾರ. ನೀವು ಆಟಾ ಕಲಸ್ರಿ ಅಕ್ಕಾರ. ನೆಲದ ಚಿಂತಿ ನಮಗ ಬಿಡ್ರಿ" ಅಂದರು ಚೇರಮನ್ನರು. ನಗುಮುಖದಿಂದಲೇ ಅಂದರು. ನನಗೆ ಇವತ್ತಿಗೂ ಆ ನಗುಮುಖ ನೆನಪಾದರೆ ಕೈ ಮುಷ್ಟಿಯಾಗುತ್ತದೆ.

ಹಲಗೆ ಕೂತವು. ನಾವು ಹುಡುಗಿಯರು ಹುಚ್ಚರ ಹಾಗೆ ಖುಷಿಪಟ್ಟೆವು. ಕಾಲಿನ ಕೆಳಗೆ ನೆಲ ಮೆತ್ತಗೆ ಒತ್ತಿ ಮತ್ತೆ ಎತ್ತಿಕೊಡುತ್ತಿತ್ತು. ಅಕ್ಕಾರು ಮಾತ್ರ ಖುಷಿಪಡಲಿಲ್ಲ. ಕೆಳಗಿನದು ಕೈ ಮೀರಿತ್ತು, ಮೇಲಿನದನ್ನಾದರೂ ಉಳಿಸಬೇಕೆಂದು ಹಟ ಹಿಡಿದರು. ಬಾಗಿಲಲ್ಲಿ ಗೋಣಿತಾಟು ಹಾಸಿ, ಹಸಿ ಕಾಲಿನವರನ್ನು ಒಳಗೇ ಬಿಡುತ್ತಿರಲಿಲ್ಲ. ಮಳೆ ಬಂದರೆ ಕಿಟಕಿ ಮುಚ್ಚಿಸುತ್ತಿದ್ದರು, ಬಿಸಿಲು ಬಿದ್ದರೆ ತೆಗೆಸುತ್ತಿದ್ದರು. ಶಾಲೆಯ ಸಿಪಾಯಿ ಬಕೆಟ್ಟು ತಂದರೆ ಕಸಿದುಕೊಂಡು ಅಂಗಳಕ್ಕೆ ಸುರಿದು, ಹಿಂಡಿದ ಅರಿವೆ ಅವನ ಕೈಗೆ ಕೊಡುತ್ತಿದ್ದರು. "ಒರಸು. ತೊಳೀಬ್ಯಾಡ." ಹಲಗೆ ಹಲಗೆಯ ಸಂದಿಗೆ ಬಬಲೇಶ್ವರದಿಂದ ತಂದ ಅಗಸಿ ಎಣ್ಣೆಯನ್ನು ನಮ್ಮ ಕೈಯಿಂದ ತಿಕ್ಕಿಸುತ್ತಿದ್ದರು. ಎಣ್ಣೆ ಆರುವವರೆಗೆ ಆಟವಿಲ್ಲ. ನಾವು ಬೈದುಕೊಳ್ಳುತ್ತಲೇ ತಿಕ್ಕುತ್ತಿದ್ದೆವು.

ಸಮಾರಂಭ ಸೋಮವಾರ ಇತ್ತು. ಅಕ್ಕಾರ ತಂದೆಗೆ ಮೈಯಲ್ಲಿ ಹುಷಾರಿಲ್ಲವೆಂದು ಅವರು ರವಿವಾರ ಊರಿಗೆ ಹೋಗಿದ್ದರು. ಅವತ್ತು ಚೇರಮನ್ನರು ಹಾಲಿಗೆ ಬಂದು, ಮಂತ್ರಿಗಳು ಕಾಲಿಡುವ ಜಾಗ ತೊಳೆಯದೆ ಹಾಗೇ ಇಡುವುದೇ ಎಂದು ಸಿಪಾಯಿಯನ್ನು ಬೈದರಂತೆ. ಅವನು ಅಕ್ಕಾರ ಹೆಸರು ಹೇಳಿದ್ದಕ್ಕೆ ಇನ್ನಷ್ಟು ಬೈದರಂತೆ. ಬಾವಿಯಿಂದ ನೀರು ಸೇದಿ, ಕೊಡ ಕೊಡ ಸುರಿದು, ಪೊರಕೆ ಹಚ್ಚಿ ಗುಡಿಯ ಪೌಳಿಯ ಹಾಗೆ ತೊಳೆದರು. ನೀರು ಹೊರಗೆ ಹರಿಯಲಿಲ್ಲ, ಸಂದಿಯಲ್ಲಿ ಇಳಿಯಿತು. ಮೇಲೆ ಜಮಖಾನೆ ಹಾಸಿಬಿಟ್ಟರು.

ಸೋಮವಾರ ಮುಂಜಾನೆ ಅಕ್ಕಾರು ಬಂದು ಜಮಖಾನೆಯ ತುದಿ ಎತ್ತಿ ನೋಡಿದರು. ಅಂಗೈ ಊರಿದರು. ಎದ್ದು ನಿಂತಾಗ ಅವರ ಮುಖ ನೋಡಲಾಗಲಿಲ್ಲ. "ಯಾರು ಮಾಡಿದ್ರು?" ಅಂತ ಕೂಗಿದ ಕೂಗು ಕ್ಲಾಸಿನ ಕೋಣೆಗಳವರೆಗೂ ಕೇಳಿತು. ಮಂತ್ರಿಗಳು ಬಂದರು, ಹಾರ ಹಾಕಿಸಿಕೊಂಡರು, ನೆಲವನ್ನು ನೋಡಲೇ ಇಲ್ಲ.

ಮುಂದೆ ಹಲಗೆಗಳು ಅವರು ಹೇಳಿದಂತೆಯೇ ಮಾಡಿದವು. ಹರಡಿಕೊಳ್ಳಲು ಗೋಡೆಯ ಕಡೆ ಜಾಗವಿರಲಿಲ್ಲ. ಹಾಗಾಗಿ ಅಂಚು ಮೇಲೆದ್ದವು, ನಡುವೆ ಹೊಟ್ಟೆ ಬಂತು. ಪದರು ಪದರು ಬಿಚ್ಚಿಕೊಂಡವು. ಹಾಲಿಗೆ ಕಾಲಿಟ್ಟರೆ ಕೊಳೆತ ವಾಸನೆ. ಅಕ್ಕಾರು ಹಾಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು. ಆದರೆ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಿಯವರ ಹತ್ತಿರ ಇನ್ನೊಂದು ಕೀಲಿ ಇತ್ತು.

ಒಂದು ಮಧ್ಯಾಹ್ನ ಅಕ್ಕಾರು ಚಿಕ್ಕ ಹುಡುಗಿಯರನ್ನು ಬಯಲಲ್ಲಿ ಓಡಿಸುತ್ತಿದ್ದರು. ಚೇರಮನ್ನರು ಸೊಲ್ಲಾಪುರದಿಂದ ಬಂದ ತಮ್ಮ ನೆಂಟರನ್ನು, ಪಾವಣೆಯವರನ್ನು, ಕರೆತಂದರು. ಹೆಡ್ ಬಾಯಿಯವರು ಹಾಲ್ ತೆಗೆದು, ಕ್ಲಾಸಿನಲ್ಲಿ ಕೂತಿದ್ದ ನನ್ನನ್ನೂ ಇನ್ನೊಬ್ಬಳನ್ನೂ ಕರೆಸಿ, ಸ್ವಲ್ಪ ಆಡಿ ತೋರಿಸಿ ಅಂದರು. ಇಲ್ಲ ಅನ್ನುವುದನ್ನು ನಾವು ಯಾರಿಂದ ಕಲಿಯಬೇಕಿತ್ತೋ ಅವರು ಅಲ್ಲಿರಲಿಲ್ಲ. ಆಡಿದೆವು. ಎದುರಿನವಳು ನೆಟ್ಟಿನ ಹತ್ತಿರ ಮೆಲ್ಲಗೆ ಹಾಕಿದಳು. ನಾನು ಶಟಲ್ ನೋಡುತ್ತ ಓಡಿದೆ. ಎದ್ದಿದ್ದ ಅಂಚಿಗೆ ಕಾಲಿನ ತುದಿ ಸಿಕ್ಕಿಕೊಂಡಿತು. ಮೈ ಮುಂದೆ ಹೋಯಿತು, ಎಡಗಾಲು ಅಲ್ಲೇ ಉಳಿಯಿತು. ಮೊಣಕಾಲಿನಿಂದ ಬಂದ ಸಪ್ಪಳ ನನಗೇ ಕೇಳಿಸಿತು.

ಅಕ್ಕಾರು ಓಡಿಬಂದಾಗ ಚೇರಮನ್ನರು ಹೇಳುತ್ತಿದ್ದರು: "ಏ ತಂಗಿ, ನೋಡಿ ಓಡಬೇಕಿಲ್ಲವಾ?"

ಅಕ್ಕಾರು ನನ್ನನ್ನು ಸಮಾಧಾನ ಮಾಡಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟು, ಅಲ್ಲಿಂದಲೇ ತಲೆ ಎತ್ತಿ ಅಂದರು: "ಶಟಲ್ ಆಡೂವಾಗ ಮ್ಯಾಲ ನೋಡ್ತಾರ್ರಿ. ಕೆಳಗ ನೋಡೂದು ನಿಮ್ಮ ಕೆಲಸ ಇತ್ತು."

ಪಾವಣೆಯವರು ಹೊರಗೆ ಹೋಗಿ ನಿಂತರು.

ನನ್ನ ಮೊಣಕಾಲು ಮತ್ತೆ ಪೂರ್ತಿ ಮಡಚಲಿಲ್ಲ. ಇವತ್ತಿಗೂ ಮಡಚುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಶಾಲೆಯಲ್ಲಿ ವಿಚಾರಣೆ ಇಟ್ಟರು. ವಿಚಾರಣೆ ನೆಲದ ಮೇಲಲ್ಲ, ಅಕ್ಕಾರ ಮೇಲೆ! ಹುಡುಗಿಯರನ್ನು ಮಿತಿ ಮೀರಿ ಜಿಗಿಸುತ್ತಾರೆ, ಅದಕ್ಕೇ ಹಲಗೆ ಎದ್ದವು, ಅದಕ್ಕೇ ಹುಡುಗಿ ಬಿದ್ದಳು ಎಂದು ಚೇರಮನ್ನರ ವಾದ. ಅಪ್ಪನನ್ನೂ ಅವ್ವನನ್ನೂ ಕರೆಸಿದ್ದರು. ನಾನು ಟಾಂಗಾದಲ್ಲಿ ಕೂತು, ಅವ್ವನ ಹೆಗಲು ಹಿಡಿದು ಹೋದೆ. ಅಪ್ಪನದು ತಿಕೋಟಾದಲ್ಲಿ ಸಣ್ಣ ಅರಿವಿ ಅಂಗಡಿ. ಮಾಲು ಬರುತ್ತಿದ್ದದ್ದು ಚೇರಮನ್ನರ ಅಂಗಡಿಯಿಂದ. ಅಪ್ಪ ಕೈಕಟ್ಟಿ ಕೂತ. ಏನು ಕೇಳಿದರೂ "ಹೂಂನ್ರಿ" ಅಂದ.

ಆದದ್ದನ್ನು ಆದ ಹಾಗೆ ನಾನು ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಆಗ ಅವ್ವ ಎದ್ದು ನಿಂತಳು. ಅವ್ವ ಗಂಡಸರು ಕೂತ ಸಭೆಯಲ್ಲಿ ಬಾಯಿ ತೆಗೆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ನನ್ನ ಮಗಳು ಅವತ್ತ ತಾನಾಗಿ ಆಡಾಕ ಹೋಗಿದ್ಲೇನ್ರಿ? ಕ್ಲಾಸಿನ್ಯಾಗ ಕುಂತಿದ್ಲು. ಆಡಂತ ಕರದಾವ್ರು ಯಾರು, ಅಷ್ಟ ಹೇಳ್ರಿ" ಅಂದಳು.

ಹೆಡ್ ಬಾಯಿಯವರು ಕಿಟಕಿಯ ಹೊರಗೆ ನೋಡಿದರು. ಚೇರಮನ್ನರು, "ಆತವಾ, ನೀ ಕುಂದರು" ಅಂದರು. ಹುಡುಗಿಯರ ಆಟ ನಿಂತಿತು. ಹಾಲಿಗೆ ಬೀಗ ಬಿತ್ತು. ಅಕ್ಕಾರನ್ನು ಅದೇ ಸಂಸ್ಥೆ ಆ ವರ್ಷ ತಿಕೋಟಾದಲ್ಲಿ ಹೊಸದಾಗಿ ತೆರೆದ ಶಾಲೆಗೆ ಬದಲಿ ಮಾಡಿದರು. ಅಲ್ಲಿ ಆಟದ ಬಯಲೇ ಇರಲಿಲ್ಲ. ಬೇಕಂತಲೇ ಹಾಗೆ ಮಾಡಿದ್ದು.

ವಿಜಾಪುರ ಬಿಡುವ ಮೊದಲು ಅಕ್ಕಾರು ಮಾಡಿದ ಕೆಲಸವನ್ನು ಅಪ್ಪನೇ ಕಣ್ಣಾರೆ ನೋಡಿ ಬಂದು ಹೇಳಿದ. ಅವನು ಮಾಲಿಗೆಂದು ಚೇರಮನ್ನರ ಅಂಗಡಿಯಲ್ಲಿ ಕೂತಿದ್ದನಂತೆ. ಗಿರಾಕಿಗಳು ತುಂಬಿದ್ದರು. ಅಕ್ಕಾರು ಹಾಲಿನಿಂದ ಕಿತ್ತ ಒಂದು ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಗುಡಿಯ ಮುಂದಿನ ಪೇಟೆಯಲ್ಲಿ ಎಲ್ಲರೂ ನೋಡುವಂತೆ ನಡೆದು ಬಂದರು. ಬಂದವರೇ ಆ ಹಲಗೆಯನ್ನು ತಿರುವಿ, ಅಂಗಡಿಯ ಬಿಳಿ ಗಾದಿಯ ಮೇಲೆ ಇಟ್ಟರು. ಅಡಿ ಪೂರಾ ಕಪ್ಪು ಬೂಷ್ಟು.

"ಮೂಸಿ ನೋಡ್ರಿ" ಅಂದರಂತೆ.

"ಅಕ್ಕಾರ, ಇದು ವ್ಯಾಪಾರದ ಜಾಗಾ" ಅಂದರಂತೆ ಚೇರಮನ್ನರು.

"ಮೂಸಿ ನೋಡ್ರಿ ಅಂದೆ. ಇದರ ಮ್ಯಾಲ ನಿಮ್ಮ ಪಾವಣ್ಯಾರ ಮುಂದ ಹೆಣ್ಣುಮಕ್ಕಳನ್ನ ಕುಣಿಸಿದ್ರಿ. ಇದು ಕೊಳ್ತದ್ದು ಜಿಗದಾಡಿದ್ದಕ್ಕಲ್ಲ. ನೀವು ಸುರದ ನೀರಿಗೆ, ನಿಮ್ಮ ಅಳಿಯಾ ಹಾಸಲಾರದ ಹಾಳಿಗೆ."

ಹಲಗೆಯನ್ನು ಅಲ್ಲೇ ಬಿಟ್ಟು ಹೊರಟರಂತೆ. ಅವತ್ತು ಅಪ್ಪ ಮಾಲು ತಂದಿರಲಿಲ್ಲ. ಮುಂದೆ ಆ ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ, ಗದಗಿನಿಂದ ತರಿಸತೊಡಗಿದ. ವಿಚಾರಣೆಯಲ್ಲಿ ಹೂಂಗುಟ್ಟಿದ್ದರ ಬಗ್ಗೆ ಅಪ್ಪ ನನ್ನ ಹತ್ತಿರ ಎಂದೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ನಾನು ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದೆ. ಗೋಡೆ ನೋಡುತ್ತ ಕೂಡುವುದು, ಉಣ್ಣುವುದು, ಮಲಗುವುದು. ತಿಕೋಟಾಕ್ಕೆ ಬಂದ ಅಕ್ಕಾರು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಕೈಯಲ್ಲಿ ಟ್ರಂಕು ಹಾಗೇ ಇತ್ತು.

"ಬರ್ರಿ ಅಕ್ಕಾರ, ಚಾ ಮಾಡ್ತೀನಿ" ಅಂದಳು ಅವ್ವ.

"ಚಾ ಆಮ್ಯಾಲೆ. ಇಕಿ ಯಾಕ ಮನ್ಯಾಗದಾಳ?"

"ಇನ್ನ ನನಗ ಆಡಾಕ ಆಗಂಗಿಲ್ರಿ ಅಕ್ಕಾರ" ಅಂದೆ.

"ಗೊತ್ತದ."

"ಮತ್ತ ಸಾಲಿಗೆ ಬಂದು ಏನ್ ಮಾಡ್ಲಿ?"

"ಸಿಟ್ಟ ಬಂದದೋ ಇಲ್ಲೋ ನಿನಗ?"

"ಬಂದದ್ರಿ."

"ಯಾರ ಮ್ಯಾಲ?"

ಅವರು ಹೇಳಿಸದೆ ಬಿಡಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಬಾಯಿ ಬಿಟ್ಟು ಹೇಳಿದೆ. ಚೇರಮನ್ನರು, ಅಳಿಯ, ಹೆಡ್ ಬಾಯಿ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಸರೂ ಬಾಯಿಗೆ ಬಂತು, ನುಂಗಿಕೊಂಡೆ. "ನನ್ನ ಹೆಸರು?" ಅಂದರು ಅಕ್ಕಾರು. "ಇನ್ನೊಂದ ಕೀಲಿ ಎಲ್ಲಿ ಅದ ಅಂತ ನಾ ಕೇಳಲಿಲ್ಲ. ನನ್ನ ಮ್ಯಾಲೂ ಸಿಟ್ಟಾಗು. ಆಗಿ, ನಡಿ. ಕೆಲಸ ಅದ."

ನಾನು ತಿಕೋಟಾ ಶಾಲೆಗೆ ಸೇರಿದೆ. ಕೆಲಸವೆಂದರೆ ಮತ್ತೊಂದು ನೆಲ. ಶಾಲೆಯ ಹಿಂದೆ ಖಾಲಿ ಬಿದ್ದ ಹತ್ತಿ ಗೋದಾಮು ಇತ್ತು. ಅದರ ಮಾಲಕರ ಮೊಮ್ಮಗಳು ನಮ್ಮ ಶಾಲೆಯವಳೇ. ಅಕ್ಕಾರು ಅವರ ಮನೆಗೆ ದಿನಾ ಹೋಗಿ ಕೂತು, ಬೇಸತ್ತು ಕೊಡುವಂತೆ ಮಾಡಿದರು. ವಿಜಾಪುರದ ಹಾಲಿನಿಂದ ಶಾಲೆಯವರೇ ಆಮೇಲೆ ಕಿತ್ತೆಸೆದ ಹಲಗೆಗಳನ್ನು ಎತ್ತಿನ ಗಾಡಿಯಲ್ಲಿ ತರಿಸಿದರು. ಪದರು ಬಿಚ್ಚಿದ್ದೆಲ್ಲ ಒಲೆಗೆ ಹೋಯಿತು. ಗಟ್ಟಿ ಇದ್ದವನ್ನು ಆರಿಸಿ, ಉಬ್ಬಿದ ಅಂಚುಗಳನ್ನು ಬಡಿಗೇರನ ಹತ್ತಿರ ಕೊಯ್ಯಿಸಿದರು. ಬೇಸಿಗೆ ಪೂರಾ ಅವು ಗೋದಾಮಿನ ನೆರಳಲ್ಲಿ ಒಣಗಿದವು. ಒಂದರ ಮೇಲೊಂದು, ನಡುವೆ ಗಾಳಿಯಾಡಲು ಚಿಕ್ಕ ಪಟ್ಟಿ, ಸೊಟ್ಟಗಾಗದಂತೆ ಮೇಲೆ ಕಲ್ಲು. ತಗಡಿನ ಸೂರಿನ ತೂತುಗಳನ್ನು ಮೊದಲು ಮುಚ್ಚಿಸಿದರು. ಗೋಡೆಯ ಬುಡದಲ್ಲಿ ಗಾಳಿಗಿಂಡಿ ಬಿಡಿಸಿ ಜಾಲರಿ ಬಡಿಸಿದರು. ನೆಲದ ತೇವ ತಡೆಯಲು ಡಾಂಬರು ಹಾಳಿ, ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಹಲಗೆ, ಗೋಡೆಗೂ ಹಲಗೆಗೂ ನಡುವೆ ಬೆರಳು ಹೋಗುವಷ್ಟು ಸಂದಿ. ಅಪ್ಪ ಅಂಗಡಿ ಮುಚ್ಚಿ ಬಂದು ಮೊಳೆ ಬಡಿದ.

ನನಗೆ ಕೊಟ್ಟ ಕೆಲಸ ಕೂತು ಮಾಡುವಂಥದ್ದು. ಪ್ರತಿ ಹಲಗೆಯ ನಾಲ್ಕೂ ಅಂಚಿಗೆ, ಅಡಿಗೆ, ಬಿಸಿ ಅಗಸಿ ಎಣ್ಣೆ ಕುಡಿಸುವುದು. ಆರಿದ ಮೇಲೆ ಮತ್ತೆ ಕುಡಿಸುವುದು. ಮೊದಮೊದಲು ಎಣ್ಣೆ ಹಚ್ಚುತ್ತ ಅಳುತ್ತಿದ್ದೆ. ಆಮೇಲೆ ಹಲ್ಲು ಕಚ್ಚಿ ಹಚ್ಚಿದೆ. ಒಮ್ಮೆ ಒಂದು ಅಂಚು ಬಿಟ್ಟುಹೋಗಿತ್ತು. ನೆಲಕ್ಕೆ ಆಗಲೇ ಬಡಿದಿದ್ದ ಆ ಹಲಗೆಯನ್ನು ಅಕ್ಕಾರು ಕೀಳಿಸಿ ನನ್ನ ಮುಂದೆ ತಂದು ಹಾಕಿದರು. "ಮೊಣಕಾಲಿಗೆ ಹಿಂಗ ಆದದ್ದು ನಿನಗ ಸಾಕಾಗಿಲ್ಲೇನು? ಇನ್ನೊಬ್ಬಾಕಿಗೂ ಬೇಕೇನು?" ನಾನು ಎಣ್ಣೆಯ ಅರಿವೆಯನ್ನು ಅವರ ಕಾಲ ಹತ್ತಿರ ಎಸೆದೆ. ಅವರು ಅದನ್ನು ಎತ್ತಿ ನನ್ನ ಕೈಗಿಟ್ಟರು. "ಸಿಟ್ಟಿನ್ಯಾಗ ಛಂದ ತಿಕ್ತೀ. ತಿಕ್ಕು."

ಅವರ ಸಿಟ್ಟು ಯಾವಾಗಲೂ ಸರಿ ಇತ್ತು ಎಂದು ನಾನು ಹೇಳುವುದಿಲ್ಲ. ಹಸಿ ಕಾಲಲ್ಲಿ ಒಳಗೆ ಬಂದ ಆರನೇ ಇಯತ್ತೆಯ ಹುಡುಗಿಯೊಬ್ಬಳನ್ನು ಎಲ್ಲರೆದುರು ಎಷ್ಟು ಬೈದರೆಂದರೆ, ಅವಳು ಮತ್ತೆ ಆಟಕ್ಕೆ ಬರಲೇ ಇಲ್ಲ. ಹುಡುಗಿ ದೊಡ್ಡವಳೋ ನೆಲ ದೊಡ್ಡದೋ ಎಂದು ನಾನು ಕೇಳಿದೆ. ಅವತ್ತು ಸಂಜೆ ಅವರು ಆ ಹುಡುಗಿಯ ಮನೆಗೆ ಹೋದರೆಂದೂ, ಅವಳು ಒಳಗಿನಿಂದ ಹೊರಗೆ ಬರಲಿಲ್ಲವೆಂದೂ ಆಮೇಲೆ ತಿಳಿಯಿತು. ಮರುದಿನ ಬಾಗಿಲಲ್ಲಿ ಗೋಣಿತಾಟಿನ ಜೊತೆಗೆ ಕಾಲೊರೆಸುವ ಒಣ ಅರಿವೆಗಳೂ ಬಂದವು.

ಮುಂದಿನ ಮಳೆಗಾಲದಲ್ಲಿ ಹಲಗೆ ಮಿಸುಕಲಿಲ್ಲ. ಅದರ ಮುಂದಿನ ಮಳೆಗಾಲದಲ್ಲೂ ಇಲ್ಲ. ತಿಕೋಟಾದ ಹುಡುಗಿಯರು ಜಿಲ್ಲೆಯ ಪಂದ್ಯ ಗೆದ್ದು ಬಂದರು. ಆಗ ಚೇರಮನ್ನರಿಗೆ ತಿಕೋಟಾ ಎಂಬ ಊರಿದೆ ಎಂದು ನೆನಪಾಯಿತು. ಆ ಹಾಲನ್ನು ವಿಧಿಪೂರ್ವಕ ಉದ್ಘಾಟನೆ ಮಾಡಲು ತಾವೇ ಬರುವುದಾಗಿ ಹೇಳಿಕಳಿಸಿದರು!

ಬಂದ ದಿನ ಮಳೆ. ಕಾರಿನಿಂದ ಇಳಿದು, ಛತ್ರಿ ಹಿಡಿಸಿಕೊಂಡು, ಕೆಸರಾದ ಬೂಟಿನಲ್ಲಿ ಬಾಗಿಲಿಗೆ ಬಂದರು. ಅಕ್ಕಾರು ಬಾಗಿಲ ನಡುವೆ ನಿಂತಿದ್ದರು.

"ಬೂಟ ಕಳೀರಿ."

"ಅಕ್ಕಾರ, ಮಂದಿ ನೋಡಾಕತ್ತಾರ."

"ನೋಡ್ಲಿ. ಕಾಲೂ ಒರಸ್ರಿ."

ಛತ್ರಿಯಿಂದ ನೀರು ಸೋರುತ್ತಿತ್ತು. ಹಿಂದೆ ಊರಿನವರು, ಮುಂದೆ ಅಕ್ಕಾರು. ಚೇರಮನ್ನರು ಅದೇ ನಗುಮುಖದಲ್ಲಿ ಆಚೀಚೆ ನೋಡಿದರು. ಯಾರೂ ನಗಲಿಲ್ಲ. ಗೋಡೆ ಹಿಡಿದು ಒಂದೊಂದೇ ಬೂಟು ಕಳೆದರು, ಕಾಲೊರೆಸಿದರು, ಬರಿಗಾಲಲ್ಲಿ ಒಳಗೆ ಬಂದರು.

ಭಾಷಣಕ್ಕೆ ನಿಂತ ಮೇಲೆ ಅವರ ದನಿ ಮರಳಿ ಬಂತು. ಪಂದ್ಯ ತೋರಿಸಲು ನಾಲ್ವರು ಹುಡುಗಿಯರು ಅಂಕಣದಲ್ಲಿ ತಯಾರಾಗಿ ನಿಂತಿದ್ದರು. ನಾನು ನೆಟ್ಟಿನ ಪಕ್ಕದ ಎತ್ತರದ ಕುರ್ಚಿಯಲ್ಲಿದ್ದೆ, ಅಂಪೈರ್ ಆಗಿ. "ಹೆಣ್ಣುಮಕ್ಕಳ ಆಟಕ್ಕ ಇಂಥಾ ಹಲಗಿ ನೆಲಾ ಬೇಕು ಅನ್ನೂದು ಮೊದಲಿಂದ ನನ್ನ ಕನಸು" ಅಂದರು ಚೇರಮನ್ನರು. "ಆ ಕನಸಿಗಾಗಿ ನಾ ಪಟ್ಟ ಕಷ್ಟ..."

ಎಣ್ಣೆ ಕುಡಿಸಿದ ನನ್ನ ಕೈ ಉರಿಯಿತು. ಪಂದ್ಯ ಸುರು ಮಾಡಿಸುವ ಕೂಗನ್ನು ಎಷ್ಟು ಜೋರಾಗಿ ಕೂಗಿದೆನೋ ನನಗೇ ತಿಳಿಯಲಿಲ್ಲ: "ಲವ್ ಆಲ್... ಪ್ಲೇ!"

ಹುಡುಗಿಯರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಸರ್ವಿಸ್ ಮಾಡಿದರು. ಶಟಲ್ ಹೊಡೆಯುವ ಸಪ್ಪಳ, ಹಲಗೆಯ ಮೇಲೆ ಕಾಲಿನ ಸಪ್ಪಳ, ಊರಿನವರ ಚಪ್ಪಾಳೆ. ಚೇರಮನ್ನರ ಮಾತು ಅದರಲ್ಲಿ ಮುಳುಗಿಹೋಯಿತು. ಅವರು ಸ್ವಲ್ಪ ಹೊತ್ತು ನಿಂತು, ತಾವೂ ಚಪ್ಪಾಳೆ ತಟ್ಟಿ, ಕೂತರು.

ಎಲ್ಲ ಮುಗಿದು ಮಂದಿ ಹೋದ ಮೇಲೆ ನಾನು ಕುರ್ಚಿಯಿಂದ ಇಳಿದು ಅಕ್ಕಾರ ಹತ್ತಿರ ಹೋದೆ. ಒಂದು ಮಾತು ಆಡಿಯಾರು, ಬೆನ್ನ ಮೇಲೆ ಕೈ ಇಟ್ಟಾರು ಎಂದುಕೊಂಡಿದ್ದೆ. ಅವರ ಮುಖ ಕೆಂಡವಾಗಿತ್ತು.

"ನಿನಗ ಯಾರು ಕೂಗಂದ್ರು?" ಅಂದರು.

"ಅವರು ಸುಳ್ಳ ಹೇಳಾಕತ್ತಿದ್ರಲ್ರಿ ಅಕ್ಕಾರ."

"ಹೇಳಾಕತ್ತಿದ್ದ, ನನಗ ಗೊತ್ತಿಲ್ಲೇನು? ಪೂರಾ ಹೇಳಿ ಮುಗಸ್ಲಿ ಅಂತ ಕುಂತಿದ್ದೆ. ಊರ ಮಂದಿ ಮುಂದ ಎದ್ದು ಒಂದೊಂದಕ್ಕೂ ಉತ್ತರಾ ಕೊಡಾಕಿದ್ದೆ. ಇಷ್ಟ ವರ್ಷ ಕಾದಿದ್ದೆ ಅದಕ್ಕ." ಚೇರಮನ್ನರು ನಿಂತು ಮಾತಾಡಿದ ಕಡೆ ಕೈ ಮಾಡಿದರು. "ನೀ ಅವನ್ನ ಉಳಿಸಿಬಿಟ್ಟಿ."

ಹಾಗಂದು ಹಿಂಡಿದ ಅರಿವೆ ತೆಗೆದುಕೊಂಡು, ಅಂಕಣದ ಆ ತುದಿಯಿಂದ ನೆಲ ಒರೆಸುತ್ತ ಬಂದರು. ನಾನು ಇನ್ನೊಂದು ಅರಿವೆ ತಗೊಂಡು ಈ ತುದಿಯಿಂದ ಸುರು ಮಾಡಿದೆ. ಮೊಣಕಾಲು ಮಡಚದ್ದರಿಂದ ಕಾಲು ಚಾಚಿ, ಕೂತುಕೂತೇ ಸರಿಯುತ್ತ ಒರೆಸಿದೆ. ನಡುವೆ ನೆಟ್ಟಿನ ಕೆಳಗೆ ಎದುರಾದಾಗಲೂ ಇಬ್ಬರೂ ಸಿಟ್ಟಿನಲ್ಲೇ ತಿಕ್ಕುತ್ತಿದ್ದೆವು.